ಖಾಲಿ ಬಂದ ಕುಕ್ಕೆ

ನಮ್ಮ ಮನೆಯಲ್ಲಿ ಹೊರಗೆ ಹೋಗಿ ಕೆಲಸ ಮಾಡುತ್ತಿದ್ದವರು ಇಬ್ಬರು. ಒಬ್ಬರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನನ್ನ ಅಪ್ಪ. ಇನ್ನೊಬ್ಬಳು ಬೊಳ್ಳಿ ಎಂಬ ಬಿಳಿಯ ಹೇಂಟೆ. ಊರಿನಲ್ಲಿ ಇಬ್ಬರಿಗೂ ಮರ್ಯಾದೆ ಇತ್ತು. ಆದರೆ ಮನೆ ಬಾಗಿಲಿಗೆ ಬಂದು, ಕೈಮುಗಿದು, ಒಮ್ಮೆ ಕಳಿಸಿಕೊಡಿ ಎಂದು ಜನ ಬೇಡಿಕೊಳ್ಳುತ್ತಿದ್ದದ್ದು ಬೊಳ್ಳಿಯನ್ನು ಮಾತ್ರ. ಅಪ್ಪನಿಗೆ ಇದರಿಂದ ಬೇಸರವಾದಂತೆ ಕಾಣಲಿಲ್ಲ. ಬೊಳ್ಳಿ ಬೇರೆ ಮನೆಗೆ ಹೊರಟ ದಿನ ಅವರು ಚಾವಡಿಯಲ್ಲಿ ನಿಂತು, ತನಿಖೆಗೆ ಬಂದ ಸಾಹೇಬರನ್ನು ಬೀಳ್ಕೊಡುವ ಗಂಭೀರ ಮುಖದಲ್ಲಿ, "ಡೆಪ್ಯುಟೇಶನ್ ಮುಗಿದ ಕೂಡಲೇ ಮಾತೃಶಾಲೆಗೆ ಹಾಜರಾಗತಕ್ಕದ್ದು" ಎಂದು ಆಕೆಗೆ ಆದೇಶ ಕೊಡುತ್ತಿದ್ದರು. ಬೊಳ್ಳಿ ಒಂದು ಕಣ್ಣು ಮುಚ್ಚಿ ಆದೇಶ ಸ್ವೀಕರಿಸುತ್ತಿತ್ತು.

ಪುಂಜಾಲಕಟ್ಟೆಯ ಪೇಟೆ ದಾಟಿ, ಗದ್ದೆಯ ಬದುವಿನ ಮೇಲೆ ನಡೆದು ಬಂದರೆ ನಮ್ಮ ಹೆಂಚಿನ ಮನೆ. ಮನೆಗೆ ಎರಡು ಬಾಗಿಲು, ಎರಡಕ್ಕೂ ಎರಡು ಕಾನೂನು. ಎದುರಿನಿಂದ ಬಂದವರು ಚಾವಡಿಯ ಕುರ್ಚಿಯಲ್ಲಿ ಕುಳಿತು ಬೆಲ್ಲ-ನೀರು ಕುಡಿದು, ಮಳೆಬೆಳೆ ಮಾತನಾಡಿ ಹೋಗತಕ್ಕವರು, ಅವರು ನೆಂಟರು. ಬಚ್ಚಲಿನ ಒಲೆಯ ಪಕ್ಕದಿಂದ ಸುತ್ತು ಹಾಕಿ ಹಿಂಬಾಗಿಲಿನಿಂದ ಅಡಿಗೆಮನೆಗೆ ಬಂದು, ಮಣೆ ಎಳೆದುಕೊಂಡು ಕೂತು, ಗಂಜಿ ಉಂಟಾ ಎಂದು ತಾವೇ ಮಡಕೆಯ ಮುಚ್ಚಳ ತೆಗೆದು ನೋಡುವವರು ನಮ್ಮವರು. ಇವೆರಡರ ನಡುವೆ ಒಂದು ಕತ್ತಲೆಯ ಕೋಣೆ. ಅಲ್ಲಿ ಭತ್ತದ ಕಣಜ. ಕಣಜಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಬೊಳ್ಳಿಯ ಕಚೇರಿ.

ಬೊಳ್ಳಿಯ ವಿದ್ಯೆ ಕಾವು ಕೂರುವುದು. ಬೇರೆ ಹೇಂಟೆಗಳು ಒಂದು ಎರೆಹುಳ ಕಂಡರೆ ಸಾಕು, ಮೊಟ್ಟೆಯನ್ನೂ ವಂಶವನ್ನೂ ಬಿಟ್ಟು ಎದ್ದು ಓಡುತ್ತಿದ್ದವು. ಬೊಳ್ಳಿ ಕೂತರೆ ಕೂತಿತು. ಮೊಟ್ಟೆ ತನ್ನದೋ ಪರರದೋ ಎಂಬ ಭೇದ ಅದಕ್ಕಿರಲಿಲ್ಲ. ಹಾಗಾಗಿ ಮೊಟ್ಟೆ ಇದ್ದು ಕಾವಿಗೆ ಕೋಳಿ ಇಲ್ಲದ ಮನೆಯವರೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ಕಾವು ಹಿಡಿದ ಕೋಳಿಯನ್ನು ಅದರ ಗೂಡಿನಿಂದ ಎತ್ತಿದರೆ ಕಾವು ಮುರಿಯುತ್ತದೆ. ಆದ್ದರಿಂದ ಅದು ಕೂತ ಬುಟ್ಟಿ, ಅಂದರೆ ಕುಕ್ಕೆಸಮೇತ, ಮೇಲೆ ಹಳೆಯ ಸೀರೆಯ ತುಂಡು ಕಟ್ಟಿ ಕಳಿಸಬೇಕು. ಆ ಕುಕ್ಕೆ ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ಕಾಡುಬಳ್ಳಿಯಿಂದ ಎರಡು ಪದರವಾಗಿ ಹೆಣೆದದ್ದು. ಅದರೊಳಗೆ ಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಂತೆ ಒಂದು ತುಂಡು ಇದ್ದಿಲು, ಒಂದು ಕಬ್ಬಿಣದ ಮೊಳೆ. ಕುಕ್ಕೆಯನ್ನು ಎಂದೂ ತೊಳೆಯಬಾರದು. ತೊಳೆದರೆ ಕೋಳಿಗೆ ವಾಸನೆ ತಪ್ಪಿ, ಮತ್ತೆ ಕೂರುವುದಿಲ್ಲ. ಇನ್ನೊಂದು ಕಟ್ಟಳೆ, ಎಲ್ಲಕ್ಕಿಂತ ದೊಡ್ಡದು: ಮರಿಗಳಾಗಿ ಬೊಳ್ಳಿ ಹಿಂದಿರುಗುವಾಗ ಕುಕ್ಕೆ ಖಾಲಿ ಬರಬಾರದು. ಒಂದು ಮರಿ, ಇಲ್ಲವೇ ಒಂದು ಸೌತೆಕಾಯಿ, ಏನೂ ಗತಿಯಿಲ್ಲದವರು ಒಂದು ಹಿಡಿ ಕುಚ್ಚಲಕ್ಕಿ. ಖಾಲಿ ಕುಕ್ಕೆ ಕಳಿಸುವುದೆಂದರೆ, ಇನ್ನು ನಿಮಗೂ ನಮಗೂ ಸಂಬಂಧವಿಲ್ಲ ಎಂದು ಬಾಯಿ ತೆರೆಯದೆ ಹೇಳುವುದು.

ಅಮ್ಮನ ಅಕ್ಕ ಸುಭದ್ರ ದೊಡ್ಡಮ್ಮ ವೇಣೂರಿನಲ್ಲಿದ್ದಳು, ಹೊಳೆಗೆ ಹತ್ತಿರದ ಮನೆ. ಮಕ್ಕಳಿರಲಿಲ್ಲ. ಅಕ್ಕತಂಗಿ ಇಬ್ಬರದೂ ಒಂದೇ ಧ್ವನಿ. ಹಿಂಬಾಗಿಲಿನಿಂದ ದೊಡ್ಡಮ್ಮ ಕರೆದರೆ, ಎದುರಿಗೇ ಕೂತಿದ್ದ ಅಮ್ಮನೇ ಮಾತಾಡಿದಳೋ ಎಂದು ಅಪ್ಪ ಗಲಿಬಿಲಿಗೊಳ್ಳುತ್ತಿದ್ದರು. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ವಿಷಮಜ್ವರ ಬಂದು ಮಲಗಿದೆ. ದೊಡ್ಡಮ್ಮ ಬಂದವಳು ಹೋಗಲೇ ಇಲ್ಲ. ನನ್ನ ಕಾಲಬುಡದಲ್ಲಿ ಮಲಗಿದಳು. ಒಂದು ಬೆಳಿಗ್ಗೆ ಅಂಗಳಕ್ಕಿಳಿದು, ದೈವದ ಗುಡಿ ಇರುವ ದಿಕ್ಕಿಗೆ ತಿರುಗಿ, ಮಗು ಎದ್ದು ನಡೆದಾಡಿದರೆ ಒಂದು ಕೆಂಪು ಹುಂಜ ಕೊಡುತ್ತೇನೆ ಎಂದು ಗಟ್ಟಿಯಾಗಿ ಹರಕೆ ಹೇಳಿಕೊಂಡಳು. ನಾನು ಎದ್ದೆ. ಆ ಹುಂಜ ಆಗಿನ್ನೂ ವೇಣೂರಿನ ಅಂಗಳದಲ್ಲಿ ಮುಷ್ಟಿಗಾತ್ರದ ಮರಿ. ದೊಡ್ಡಮ್ಮ ಅದನ್ನು 'ನಿನ್ನ ಹುಂಜ' ಎನ್ನುತ್ತಿದ್ದಳು. ನನ್ನ ಆಯುಷ್ಯದ ಜಾಮೀನುದಾರನೊಬ್ಬ ಅಲ್ಲಿ ತಿಪ್ಪೆ ಕೆದಕುತ್ತ ಬೆಳೆಯುತ್ತಿದ್ದಾನೆ ಎಂಬ ಯೋಚನೆ ನನಗೆ ಆ ವಯಸ್ಸಿನಲ್ಲಿ ಬಹಳ ಘನತೆ ಕೊಟ್ಟಿತ್ತು.

ಆ ಹುಂಜಕ್ಕೆ ಬಾಲದ ಗರಿ ಬಾಗುವ ಹೊತ್ತಿಗೆ ದೊಡ್ಡಮ್ಮನಿಂದ ಹೇಳಿಕೆ ಬಂತು, ಮೊಟ್ಟೆ ಉಂಟು, ಬೊಳ್ಳಿಯನ್ನು ಕಳಿಸು ಎಂದು. ಬೊಳ್ಳಿ ಆಗಷ್ಟೇ ಬಿ.ಸಿ.ರೋಡಿನ ಕಡೆಯ ಒಂದು ಮನೆಯಲ್ಲಿ ಕೆಲಸ ಮುಗಿಸಿ ಬಂದಿತ್ತು. ಅಲ್ಲಿ ನಾಲ್ಕಾರು ದಿನ ತೂಕಡಿಸಿತ್ತಂತೆ, ಆಮೇಲೆ ಸರಿಯಾಗಿತ್ತಂತೆ. ಮತ್ತೆ ಕಾವು ಹಿಡಿದ ಮೇಲೆ ಅಮ್ಮ ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಕಂಡಕ್ಟರ್ ಬಂದ.

"ಕುಕ್ಕೆಯಲ್ಲಿ ಎಂತ ಅಕ್ಕಾ?"

"ಗರ್ಭಿಣಿ."

"ಗರ್ಭಿಣಿಗೆ ಟಿಕೆಟ್ ಬೇಡ. ಆದರೆ ಬಸ್ಸಿನಲ್ಲಿ ಹೆರಿಗೆ ಆದರೆ ಮರಿಗಳಿಗೆ ಅರ್ಧ ಟಿಕೆಟ್, ಈಗಲೇ ಹೇಳ್ತೇನೆ."

ಇಡೀ ಬಸ್ಸು ನಕ್ಕಿತು. ಅಮ್ಮ ಅಷ್ಟು ಮನಸ್ಸು ಬಿಟ್ಟು ನಕ್ಕದ್ದನ್ನು ನಾನು ಮತ್ತೆ ನೋಡಿದ ನೆನಪಿಲ್ಲ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ವೇಣೂರಿಗೆ ಹೋಗಿ, ಹಿಂಬಾಗಿಲಿನಿಂದ ಒಳಗೆ ನುಗ್ಗಿ, ಅಕ್ಕತಂಗಿ ಇಬ್ಬರೂ ಒಂದೇ ಕುಕ್ಕೆಯ ಮೇಲೆ ಬಗ್ಗಿ, ಒಂದೊಂದೇ ಮೊಟ್ಟೆಯನ್ನು ಬೊಳ್ಳಿಯ ಹೊಟ್ಟೆಯಡಿಗೆ ತಳ್ಳಿದರು.

ಮರಿಗಳಾದವು ಎಂಬ ಸುದ್ದಿ ಬಂತು. ಆಮೇಲೆ ಸುದ್ದಿ ಇಲ್ಲ. ಒಂದು ಮಧ್ಯಾಹ್ನ ದೊಡ್ಡಪ್ಪ ಕುಕ್ಕೆ ಹಿಡಿದುಕೊಂಡು ಬಂದರು. ದೊಡ್ಡಪ್ಪನಿಗೆ ಮಾತು ರೇಷನ್ ಅಂಗಡಿಯಿಂದ ಬರುತ್ತಿತ್ತು. ತಿಂಗಳ ಪಾಲು ಅಷ್ಟರಲ್ಲಿ ಮುಗಿದಿತ್ತೋ ಏನೋ, "ಬೊಳ್ಳಿ ಬಂತು" ಎಂದು ಮಾತ್ರ ಹೇಳಿ, ಚಾವಡಿಯಲ್ಲಿ ನಿಂತೇ ನೀರು ಕುಡಿದು, ಊಟಕ್ಕೂ ನಿಲ್ಲದೆ ಮುಂದಿನ ಬಸ್ಸಿಗೆ ಹೊರಟುಹೋದರು. ಅಮ್ಮ ಬಟ್ಟೆ ಬಿಚ್ಚಿದಳು. ಒಳಗೆ ಬೊಳ್ಳಿ. ಅದರ ಕಾಲಿಗೆ ಅರಸಿನ ಹಚ್ಚಿ ತೊಳೆದಿದ್ದರು. ಅದನ್ನೆತ್ತಿ ಕೆಳಗಿಟ್ಟರೆ ಕುಕ್ಕೆ ಖಾಲಿ. ಹುಲ್ಲಿನ ಎಸಳೂ ಇರಲಿಲ್ಲ. ಅಕ್ಕಿಯ ಕಾಳು ಎಲ್ಲಾದರೂ ಹೆಣಿಗೆಯಲ್ಲಿ ಸಿಕ್ಕಿಕೊಂಡಿದೆಯೋ ಎಂಬಂತೆ ಅಮ್ಮ ಅದರ ತಳದಲ್ಲಿ ಕೈಯಾಡಿಸಿದಳು.

"ಅಕ್ಕನ ಮನೆಯಲ್ಲಿ ಒಂದು ಹಿಡಿ ಅಕ್ಕಿಗೂ ಬಂದದ್ದಾ ಬರ?"

"ಮರೆತಿರಬಹುದು," ಎಂದರು ಅಪ್ಪ.

"ಅಕ್ಕ ಮರೆಯುವವಳಲ್ಲ. ಮರೆಯುವವಳಾಗಿದ್ದರೆ ನನಗೆ ಇಷ್ಟು ಸಂಕಟ ಉಂಟಾ?"

ಕಾರಣ ತಂದವನು ವೇಣೂರಿನ ಕಡೆಯಿಂದ ಬರುತ್ತಿದ್ದ ಬಳೆಗಾರ. ದೊಡ್ಡಮ್ಮನ ಮನೆಯ ಕೋಳಿಗಳೆಲ್ಲ ರೆಕ್ಕೆ ಜೋತುಬಿಟ್ಟು, ಹಸಿರು ಹಸಿರಾಗಿ ಹಿಕ್ಕೆ ಹಾಕಿ, ಕಾಲು ಚಾಚಿ ಸತ್ತವಂತೆ. ಮರಿಗಳು ಹೋದವು. ಹರಕೆಯ ಕೆಂಪು ಹುಂಜವೂ ಹೋಯಿತು.

"ಪುಂಜಾಲಕಟ್ಟೆಯಿಂದ ಬಂದ ಕೋಳಿಗೆ ಮಾತ್ರ ಎಂತದೂ ಆಗಲಿಲ್ಲ ಅಂತ ಅಲ್ಲಿ ಜನ ಹೇಳ್ತಾರೆ ಅಕ್ಕಾ."

"ಜನ ಅಂದರೆ ಯಾರು? ನನ್ನ ಅಕ್ಕನಾ?"

"ಜನ ಅಂದರೆ ಜನ ಮಾರಾಯ್ತಿ. ಕೈ ಸಡಿಲ ಬಿಡಿ, ಬಳೆ ಒಡೀತದೆ."

ಬಳೆ ಒಡೆಯಿತು. ಅಮ್ಮ ಆ ದಿನದಿಂದ ಹೋಗುತ್ತ ಬರುತ್ತ ನನ್ನ ಹಣೆ ಮುಟ್ಟಿ ನೋಡತೊಡಗಿದಳು. ನನಗಾಗಿ ಹೇಳಿಕೊಂಡ ಹುಂಜ ದೈವಕ್ಕೆ ಸಲ್ಲುವ ಮೊದಲೇ ಸತ್ತಿದೆ. ಅದನ್ನು ಕೊಂದವಳು ತಂಗಿಯ ಕೋಳಿ ಎಂದು ಅಕ್ಕ ತಿಳಿದಿದ್ದಾಳೆ. ಅದಕ್ಕೇ ಕುಕ್ಕೆ ಖಾಲಿ ಬಂದಿದೆ. ಅಮ್ಮ ಇಷ್ಟನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟುಕೊಂಡಳು. ಮತ್ತೆ ಯಾರಿಂದಲೂ ಅದನ್ನು ಕದಲಿಸಲಾಗಲಿಲ್ಲ. ಸ್ವಲ್ಪ ದಿನದಲ್ಲಿ ನಮ್ಮ ಗೂಡಿನ ಎಳೆಯ ಕೋಳಿಗಳೂ ತೂಕಡಿಸತೊಡಗಿದವು. ಅದೇ ಜೋತ ರೆಕ್ಕೆ, ಅದೇ ಹಸಿರು ಹಿಕ್ಕೆ. ಅಮ್ಮ ಬಾವಿಕಟ್ಟೆಯಲ್ಲಿ ನಾಲ್ಕು ಹೆಂಗಸರ ಎದುರು ಹೇಳಿಬಿಟ್ಟಳು:

"ಕುಕ್ಕೆ ಖಾಲಿ ಬಂತು ಅಂತ ಗ್ರಹಿಸಿದ್ದೆ. ಇಲ್ಲ, ಅಕ್ಕ ರೋಗ ತುಂಬಿಸಿಯೇ ಕಳಿಸಿದ್ದು."

ಈ ಮಾತು ಬಳೆಗಾರನ ಜೊತೆಗೆ ವೇಣೂರಿಗೆ ಹೋಯಿತು. ಅದು ಅಕ್ಷರಶಃ ನಿಜವಾಗಿತ್ತೆಂಬುದು ಆಗ ಹೇಳಿದವಳಿಗೂ ಗೊತ್ತಿರಲಿಲ್ಲ, ಸಾಗಿಸಿದವನಿಗೂ ಗೊತ್ತಿರಲಿಲ್ಲ.

ಅಪ್ಪ ಹೋಗಿ ದನದ ಆಸ್ಪತ್ರೆಯ ಡಾಕ್ಟರನ್ನು ಕರೆತಂದರು. ಘಟ್ಟದ ಮೇಲಿನವರು, ಹೊಸಬರು, ದೊಡ್ಡ ಗಂಟಲು. ಅವರು ಸತ್ತ ಕೋಳಿಯನ್ನೊಮ್ಮೆ ಮಗುಚಿ ನೋಡಿ, ಗೂಡಿನ ಸಂದಿಗೆ ಕಡ್ಡಿ ಹಾಕಿ ಕೆದಕಿ, ಬೊಳ್ಳಿ ಎಲ್ಲಿ ಮಲಗುತ್ತದೆ ಎಂದು ಕೇಳಿದರು. ಕುಕ್ಕೆ ಬಂತು. ಬಿಳಿ ಬಟ್ಟೆ ಬೇಕೆಂದರು. ಮನೆಯಲ್ಲಿ ಬಿಳಿಯಾಗಿದ್ದದ್ದು ಅಪ್ಪ ಸ್ವಾತಂತ್ರ್ಯ ದಿನಾಚರಣೆಗೆ ಉಡುವ ಪಂಚೆ ಒಂದೇ. ಅದನ್ನು ಅಂಗಳದಲ್ಲಿ ಹಾಸಿ, ಕುಕ್ಕೆಯನ್ನು ಕವುಚಿ, ಡಾಕ್ಟರು ತಳಕ್ಕೆ ಕೋಲಿನಿಂದ ಬಡಿದರು. ಪಂಚೆಯ ಮೇಲೆ ಬೀಜಗಳು ಉದುರಿದವು. ಸೌತೆಬೀಜಕ್ಕಿಂತ ಸ್ವಲ್ಪ ಅಗಲ, ಚಪ್ಪಟೆ, ಬಣ್ಣ ಮಾತ್ರ ಹಳೆಯ ಚಪ್ಪಲಿಯದ್ದು. ನೋಡುತ್ತಿದ್ದಂತೆ ಬೀಜಗಳಿಗೆ ಕಾಲು ಬಂದು, ನೆರಳಿದ್ದ ಕಡೆಗೆ ನಡೆದವು.

"ಕೋಳಿಗಳಿಗೆ ಬರೋ ಕೊಕ್ಕರೆ ರೋಗ ಅಲ್ಲಮ್ಮಾ ಇದು. ಕೋಳಿ ಉಣ್ಣಿ. ಹಗಲೆಲ್ಲಾ ಸಂದಿಯಲ್ಲಿ ಅಡಗಿರ್ತವೆ. ಕತ್ತಲಾದ ಮೇಲೆ ಬಂದು ರಕ್ತ ಹೀರಿ ಮತ್ತೆ ಸಂದಿಗೆ ಹೋಗ್ತವೆ. ಒಂದು ಕೋಳಿಯ ಜ್ವರಾನ ಇನ್ನೊಂದಕ್ಕೆ ಹಂಚೋದು ಇವೇ. ತಿಂಗಳುಗಟ್ಟಲೆ ಉಪವಾಸ ಇದ್ರೂ ಸಾಯಲ್ಲ."

"ಬೊಳ್ಳಿಗೆ ಯಾಕೆ ಎಂತದೂ ಆಗಲಿಲ್ಲ?"

"ಮೊದಲೇ ಎಲ್ಲೋ ಜ್ವರ ಬಂದು ವಾಸಿಯಾಗಿರುತ್ತೆ."

ಬಿ.ಸಿ.ರೋಡಿನ ತೂಕಡಿಕೆ ಅಮ್ಮನಿಗೆ ಆಗ ನೆನಪಾಯಿತು. ಆದರೂ ಅವಳಿಗೆ ಬೇಕಾಗಿದ್ದ ಪ್ರಶ್ನೆ ಬೇರೆ.

"ಇದು ಹತ್ತಿದ್ದು ನಮ್ಮ ಮನೆಯಿಂದಲಾ, ವೇಣೂರಿನಿಂದಲಾ?"

"ಈ ಬುಟ್ಟಿ ಎಷ್ಟು ಮನೆಗೆ ಹೋಗಿದೆ?"

ಅಮ್ಮ ಬೆರಳು ಮಡಚತೊಡಗಿ ನಡುವೆಯೇ ನಿಲ್ಲಿಸಿದಳು.

"ಹಾಗಾದ್ರೆ ಯಾರಿಗೆ ಗೊತ್ತು? ಉಣ್ಣಿಗೆ ಮನೆ ಹೆಸರಿರಲ್ಲಮ್ಮಾ. ಇದನ್ನು ಸುಟ್ಟುಬಿಡಿ."

"ಕುದಿಯುವ ನೀರು ಹೊಯ್ದರೆ ಸಾಲದಾ ಡಾಕ್ಟ್ರೇ? ನನ್ನ ಅಮ್ಮ ಹೆಣೆದದ್ದು."

"ಗೂಡಿಗೆ ಹೊಯ್ಯಿರಿ, ಸೀಮೆಎಣ್ಣೆ ಬಳೀರಿ, ಸುಣ್ಣ ಹೊಡೀರಿ. ಇದಕ್ಕೆ ಎರಡು ಪದರ ಇದೆ. ಎಷ್ಟು ಸಂದಿ ಅಂತ ನೀವೇ ನೋಡಿ."

ಅಮ್ಮ ನೋಡಿದಳು. ಅಷ್ಟು ಒತ್ತಾಗಿ, ಅಷ್ಟು ಚೆಂದಕ್ಕೆ ಹೆಣೆದದ್ದೇ ಅಪರಾಧವಾಗಿತ್ತು. ಡಾಕ್ಟರು ಉಳಿದ ಕೋಳಿಗಳಿಗೆ ಸೂಜಿ ಚುಚ್ಚಿ ಹೋದ ಮೇಲೆ ಅವಳೇ ಅದನ್ನು ಅಂಗಳದ ಮೂಲೆಗೆ ಒಯ್ದು ಬೆಂಕಿ ಹಚ್ಚಿದಳು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಒಳಗಿನ ಉಣ್ಣಿಗಳು ಸಿಡಿಯುವ ಸದ್ದು ಬಂತು. ಆ ಸದ್ದು ನಿಲ್ಲುವ ತನಕ ಅಮ್ಮ ಅಲ್ಲೇ ನಿಂತಿದ್ದಳು. ಬೊಳ್ಳಿಗೆ ಪೇಟೆಯಿಂದ ಹೊಸ ಕುಕ್ಕೆ ತಂದರು. ಅದು ಮೂಸಿ ನೋಡಿ, ಹೊರಗೆ ಬಂದು, ಪಿಂಚಣಿಯಿಲ್ಲದೆ ನಿವೃತ್ತಿ ಹೊಂದಿತು. ಅದನ್ನು ಸಾರು ಮಾಡುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಡಾಕ್ಟರು ಹೇಳಿದ್ದನ್ನು ಅಕ್ಕನಿಗೆ ಹೇಳಿ ಬಾ ಎಂದು ಅಪ್ಪ ಅಮ್ಮನಿಗೆ ಎಷ್ಟೋ ಸಲ ಹೇಳಿದರು. ಖಾಲಿ ಕುಕ್ಕೆ ಕಳಿಸಿದವಳ ಮನೆಗೆ ಯಾವ ಬಾಗಿಲಿನಿಂದ ಹೋಗಲಿ ಎಂದು ಅಮ್ಮ ಕೇಳಿದಳು. ಅಷ್ಟರಲ್ಲಿ ಮೂಡುಬಿದಿರೆಯಲ್ಲಿ ನಮ್ಮ ಕಡೆಯ ಒಂದು ಮದುವೆ ಬಂತು. ಬಡಿಸುವವರಿಗೆ ಇವರ ಸಂಗತಿ ತಿಳಿಯದೆ, ಅಕ್ಕತಂಗಿಯರನ್ನು ಒಂದೇ ಪಂಕ್ತಿಯಲ್ಲಿ, ನಡುವೆ ನನ್ನನ್ನು ಇಟ್ಟು ಕೂರಿಸಿದರು. ಹಪ್ಪಳ ಬಂದ ಮೇಲೆ ದೊಡ್ಡಮ್ಮ ಎಲೆಯನ್ನೇ ನೋಡುತ್ತ ಕೇಳಿದಳು:

"ಅಮ್ಮನ ಕುಕ್ಕೆ ಸುಟ್ಟೆಯಂತೆ."

"ಡಾಕ್ಟ್ರು ಹೇಳಿದರು."

"ಡಾಕ್ಟ್ರು ಹೇಳಿದರೆ ನನ್ನನ್ನೂ ಸುಡ್ತೀಯಾ?"

"ಖಾಲಿ ಕುಕ್ಕೆ ಅಲ್ವಾ? ಇಟ್ಟುಕೊಳ್ಳಲಿಕ್ಕೆ ಅದರಲ್ಲಿ ಎಂತ ಇತ್ತು?"

ಪಾಯಸ ಇನ್ನೂ ಬಂದಿರಲಿಲ್ಲ. ದೊಡ್ಡಮ್ಮ ಎಲೆ ಮಡಚಿ ಎದ್ದುಹೋದಳು. ನಾನು ಎರಡೂ ಕಡೆ ಯಾರೂ ಇಲ್ಲದವಳಂತೆ ಕೂತು, ಎದ್ದುಹೋದವಳದ್ದೂ ಬೇಡವೆಂದ ಅಮ್ಮನದ್ದೂ ಸೇರಿ ಇಬ್ಬರ ಪಾಲಿನ ಪಾಯಸವನ್ನೂ ತಿಂದೆ. ಅದರ ರುಚಿ ನನಗೆ ಈಗಲೂ ಗೊತ್ತು.

ಅಲ್ಲಿಂದ ಮುಂದೆ ನಮ್ಮ ಹಿಂಬಾಗಿಲಿಗೆ ಕೆಲಸ ಕಡಿಮೆಯಾಯಿತು. ದೊಡ್ಡಮ್ಮನ ಹೆಸರು ಮನೆಯಲ್ಲಿ ಹೇಳಬಾರದ ಹೆಸರಾಯಿತು. ಅಮ್ಮ ಮತ್ತೆ ಕೋಳಿ ಸಾಕಿದಳು, ಆದರೆ ಕಾವಿನ ಕೋಳಿಯನ್ನು ಯಾರಿಗೂ ಕೊಡಲಿಲ್ಲ, ಯಾರಿಂದಲೂ ತರಲಿಲ್ಲ. ನಾನು ಮೂಡುಬಿದಿರೆಯಲ್ಲಿ ಕಾಲೇಜು ಸೇರಿದೆ. ಹಾಸ್ಟೆಲಿನಿಂದ ಶನಿವಾರ ಊರಿಗೆ ಬರುವ ಬಸ್ಸು ವೇಣೂರಿನ ಮೇಲೆಯೇ ಹಾದುಬರುತ್ತಿತ್ತು. ಪ್ರತಿ ಸಲವೂ ಕಿಟಕಿಯಿಂದ ಆ ಕಾಲುದಾರಿಯನ್ನು ನೋಡಿ ಮುಖ ತಿರುಗಿಸುತ್ತಿದ್ದೆ. ಒಂದು ಶನಿವಾರ ಬಸ್ಸು ವೇಣೂರಿನಲ್ಲೇ ಕೆಟ್ಟು ನಿಂತಿತು. ಇನ್ನು ಬಸ್ಸಿನ ಮೇಲೆಯೇ ತಪ್ಪು ಹಾಕಬಹುದು ಎಂಬ ಧೈರ್ಯದಲ್ಲಿ ನಾನು ಇಳಿದು ನಡೆದೆ. ಕಾಲು ತಾನಾಗಿ ಹಿಂಬಾಗಿಲಿಗೆ ಹೋಯಿತು. ದೊಡ್ಡಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ತಲೆಯೆತ್ತಿ ನೋಡಿ, ಮಣೆ ದೂಡಿ, ಗಂಜಿ ಬಡಿಸಿ, ಒಣಮೀನಿನ ಚಟ್ನಿ ಹಾಕಿದಳು. ನಾನು ಅರ್ಧ ಉಂಡ ಮೇಲೆ ಕೇಳಿದಳು:

"ಕುಕ್ಕೆಯಲ್ಲಿ ಎಂತದೋ ಹುಳ ಇತ್ತಂತೆ, ಹೌದಾ ಮಗಾ?"

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ತುರಿಯುವುದನ್ನು ನಿಲ್ಲಿಸಿದಳು.

"ಅಕ್ಕಿ ಕಟ್ಟಿ ಕಳಿಸಿದ್ದರೆ ಅಕ್ಕಿಯಲ್ಲಿ ರೋಗ ಬರ್ತಿತ್ತಾ?"

"ಇಲ್ಲ ದೊಡ್ಡಮ್ಮ."

"ಸೌತೆಕಾಯಿಯಲ್ಲಿ?"

"ಇಲ್ಲ."

"ಮತ್ತೆ ಬಂದದ್ದು?"

"ಕುಕ್ಕೆಯಲ್ಲೇ."

ದೊಡ್ಡಮ್ಮ ತುರಿಯುವ ಮಣೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನು ಎಲ್ಲ ತೆಗೆದಿಟ್ಟೆ ಮಗಾ. ನಿನ್ನ ಅಮ್ಮನಿಗೆ ಅಂತ ಹೊಸ ಅಕ್ಕಿ ಕಟ್ಟಿದ್ದೆ, ತೆಗೆದೆ. ಸೌತೆ ಇಟ್ಟಿದ್ದೆ, ತೆಗೆದೆ. ಹುಲ್ಲು ಸಹ ಕೊಡವಿ ತೆಗೆದೆ. ಬೊಳ್ಳಿಯ ಕಾಲು ತೊಳೆದೆ. ಮನೆಯಲ್ಲಿ ದಿನಕ್ಕೆ ಎರಡು ಮೂರು ಕೋಳಿ ಬೀಳ್ತಿತ್ತು. ನೀನು ಜ್ವರದಿಂದ ಎದ್ದು ಇನ್ನೂ ಮೈ ತುಂಬಿರಲಿಲ್ಲ. ಈ ಮನೆಯ ಒಂದು ಕಾಳೂ ನಿನ್ನ ಬಾಯಿಗೆ ಹೋಗಬಾರದು ಅಂತ."

"ಹೇಳಿ ಕಳಿಸಬಹುದಿತ್ತಲ್ಲ ದೊಡ್ಡಮ್ಮ?"

"ರೋಗದ ಹೆಸರು ಬಾಯಲ್ಲಿ ಕಳಿಸಬಾರದು ಅಂತ ನಮ್ಮ ಅಮ್ಮ ಹೇಳ್ತಿದ್ದಳು, ಹೆಸರಿನ ಹಿಂದೆಯೇ ಅದೂ ಬರ್ತದಂತೆ. ನಿನ್ನ ಅಮ್ಮ ಗಿರಿಜೆಗೂ ಹೇಳಿಕೊಟ್ಟಿದ್ದಳು. ಅವಳಿಗೆ ಗೊತ್ತಾಗ್ತದೆ ಅಂತ ಮಾಡಿದೆ. ಅಕ್ಕ ಖಾಲಿ ಕಳಿಸಬೇಕಾದರೆ ಎಂತ ಆಗಿರಬೇಕು ಅಂತ ಅವಳು ಒಮ್ಮೆ ಗ್ರಹಿಸಬೇಕಿತ್ತಲ್ಲ?"

ಹೊರಡುವಾಗ ಇನ್ನೊಂದು ಮಾತು ಹೇಳಿದಳು, ಅದೂ ದೊಡ್ಡದೇನಲ್ಲ ಎಂಬಂತೆ. ಆ ವರ್ಷವೇ ಬೇರೆ ಕೆಂಪು ಹುಂಜ ತಂದು ನನ್ನ ಹರಕೆ ಸಲ್ಲಿಸಿದ್ದಳಂತೆ. ನನ್ನ ಜಾಮೀನು ಅಷ್ಟು ವರ್ಷಗಳಿಂದ ಸರಿಯಾಗಿಯೇ ಇತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಹಿತ್ತಲಲ್ಲಿ ಕೂತು ಬಂಗುಡೆ ಮೀನು ಸರಿಮಾಡುತ್ತಿದ್ದಳು. ನಾನು ಹೇಳಿ ಮುಗಿಸುವ ತನಕ ಕತ್ತಿ ನಿಲ್ಲಿಸಲಿಲ್ಲ. ಮುಗಿದ ಮೇಲೆ ಒಂದೇ ಮಾತು:

"ಇದನ್ನು ನೀನು ನನಗೆ ಹೇಳಬಾರದಿತ್ತು."

ಆಗ ನನಗೆ ಸಿಟ್ಟು ಬಂತು. ಅವಮಾನವಾಯಿತೆಂದು ತಿಳಿದು ಅಕ್ಕನನ್ನು ಬಿಟ್ಟವಳಿಗೆ ಆ ಅವಮಾನವೇ ಊರುಗೋಲಾಗಿತ್ತು, ನಾನು ಅದನ್ನು ಕಿತ್ತುಕೊಂಡಿದ್ದೆ ಎಂಬುದು ನನಗೆ ಬಹಳ ವರ್ಷಗಳ ಮೇಲೆ ಅರ್ಥವಾಯಿತು.

ಮುಂದಿನ ಆದಿತ್ಯವಾರ, ಮೊದಲೇ ಹೇಳಿ ಕಳಿಸಿ, ನಾವು ವೇಣೂರಿಗೆ ಹೋದೆವು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಕಾಲುದಾರಿ ಹಿಂಬಾಗಿಲಿನ ಕಡೆ ಕವಲೊಡೆಯುವಲ್ಲಿ ಒಂದು ಕ್ಷಣ ನಿಂತಳು. ಆದರೆ ಎದುರಿನ ಚಾವಡಿಯಲ್ಲಿ ದೊಡ್ಡಮ್ಮ, ಅವಳೂ ಒಳ್ಳೆಯ ಸೀರೆಯುಟ್ಟು, ಕುರ್ಚಿ ಒರೆಸಿಟ್ಟು ಕಾಯುತ್ತಿದ್ದಳು. ಅಮ್ಮ ಎದುರಿನಿಂದಲೇ ಹತ್ತಿದಳು. ಬಸಿ ಸಮೇತದ ಕಪ್ಪಿನಲ್ಲಿ ಚಹಾ ಬಂತು, ತಟ್ಟೆಯಲ್ಲಿ ಬಿಸ್ಕೆಟು ಬಂತು.

"ಬಸ್ಸಿನಲ್ಲಿ ಸೀಟು ಸಿಕ್ಕಿತಾ?"

"ಸಿಕ್ಕಿತು. ಭಾವನಿಗೆ ಕಾಲುನೋವು ಹೇಗುಂಟು?"

"ಹಾಗೇ ಉಂಟು. ಬಿಸ್ಕೆಟು ತಗೋ."

ನಾನು ಕಾದೆ. ಕುಕ್ಕೆಯ ಮಾತು ಈಗ ಬರುತ್ತದೆ, ಈಗ ಅಳುತ್ತಾರೆ, ಈಗ ಜಗಳವಾದರೂ ಆಡುತ್ತಾರೆ ಎಂದು ಕಾದೆ. ಒಬ್ಬರನ್ನೊಬ್ಬರು ನೋಯಿಸಬಾರದೆಂಬ ಎಚ್ಚರದಲ್ಲಿ ಇಬ್ಬರೂ ಮಳೆಬೆಳೆಯ ಮಾತನ್ನೇ ಆಡಿದರು. ಒಂದೇ ಧ್ವನಿಯಲ್ಲಿ ಇಬ್ಬರು ನೆಂಟರು. ಹೊರಡುವಾಗ ದೊಡ್ಡಮ್ಮ ಒಂದು ವಯರ್ ಚೀಲ ತಂದು ಅಮ್ಮನ ಕೈಗೆ ಕೊಟ್ಟಳು. ಅಕ್ಕಿ, ಎರಡು ಸೌತೆಕಾಯಿ, ತೆಂಗಿನಕಾಯಿ, ಹಪ್ಪಳದ ಕಟ್ಟು. ಬಾಯಿ ತನಕ ತುಂಬಿತ್ತು. ಅಮ್ಮ ಅದನ್ನು ಪುಂಜಾಲಕಟ್ಟೆಯ ತನಕ ತೊಡೆಯ ಮೇಲಿಟ್ಟುಕೊಂಡೇ ಬಂದಳು.

ಮನೆಗೆ ಬಂದು ಅಡಿಗೆಮನೆಯ ನೆಲದ ಮೇಲೆ ಒಂದೊಂದನ್ನೇ ತೆಗೆದಿಟ್ಟಳು. ಎಲ್ಲ ತೆಗೆದ ಮೇಲೆ ಚೀಲವನ್ನು ಕವುಚಿ ಹಿಡಿದು ತಳಕ್ಕೆ ಮೆಲ್ಲಗೆ ತಟ್ಟಿದಳು. ಏನೂ ಉದುರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, "ನೋಡು, ಎಷ್ಟು ಕೊಟ್ಟು ಕಳಿಸಿದ್ದಾಳೆ ನಿನ್ನ ಅಕ್ಕ. ಸರಿಯಾಯಿತಲ್ಲ?" ಎಂದರು.

ಅಮ್ಮ ಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು.

"ಖಾಲಿ ಕಳಿಸಿದ ದಿವಸ ನಾನು ಅವಳ ತಂಗಿಯಾಗಿದ್ದೆ," ಎಂದಳು.